ಬೆಳಗಿನ ಎದೆಬಡಿತ
ಅಲಾರಂ ಬಡಿದುಕೊಂಡ ತಕ್ಷಣ ದಡಬಡ ಎದ್ದು ಓಡುವ ಜಾತಿ ನಾನು. ಇವತ್ತು ಸುಮ್ನೆ ಎರಡು ನಿಮಿಷ ಹಾಸಿಗೆಯಲ್ಲೇ ಕೂತೆ. ಹಾರ್ಟ್ ಅಟ್ಯಾಕ್ ಬೆಳಗ್ಗೆ 6ರಿಂದ ಮಧ್ಯಾಹ್ನ 12ರೊಳಗೆ ಜಾಸ್ತಿ ಅಂತ 1985ರಲ್ಲೇ ವೈದ್ಯರು ಲೆಕ್ಕ ಹಾಕಿ ತೋರಿಸಿದ್ದಾರೆ. ನಾವು ಏಳುವ ಹೊತ್ತಿಗೆ ಕಾರ್ಟಿಸಾಲ್, ಅಡ್ರಿನಲಿನ್ ಅನ್ನೋ ಹಾರ್ಮೋನುಗಳು ಏರುತ್ತವೆ, ಬಿಪಿ ಮೇಲೇಳುತ್ತದೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಅಂಟಂಟಾಗುತ್ತವೆ. ಹೃದಯ ಜಾಸ್ತಿ ರಕ್ತ ಕೇಳುವ ಹೊತ್ತಿನಲ್ಲೇ ಅದಕ್ಕೆ ರಕ್ತ ಕೊಡುವ ನಾಳಗಳು ಸ್ವಲ್ಪ ಬಿಗಿಯಾಗಿರುತ್ತವೆ, ಎಂಥಾ ಟೈಮಿಂಗ್ ನೋಡಿ! ಹೀಗೆ ಹೃದಯಕ್ಕೆ ಹೋಗುವ ರಕ್ತ ಕಡಿಮೆಯಾದರೂ ಎಷ್ಟೋ ಸಲ ಎದೆನೋವೇ ಇರುವುದಿಲ್ಲ, ದಿನವಿಡೀ ಎದೆಗೆ ಕಟ್ಟಿ ಇಸಿಜಿ ತೆಗೆಯುವ ಹೋಲ್ಟರ್ ಮೆಷಿನ್ನಿನಲ್ಲಷ್ಟೇ ಕಾಣುತ್ತದೆ. ರಾತ್ರಿಯೆಲ್ಲ ನಿಧಾನಕ್ಕೆ ಬಡಿದುಕೊಂಡಿದ್ದ ಹೃದಯವನ್ನು ದಿನಾ ಹೀಗೆ ಬೆಚ್ಚಿಬೀಳಿಸಿ ಎಬ್ಬಿಸುತ್ತೇನಲ್ಲ ಅನಿಸಿತು. ಅಲಾರಂ ಟ್ಯೂನ್ ಆದರೂ ಬದಲಿಸಬೇಕು, ಅಲ್ವಾ?