ಪೆಂಚ್ ಯಾವ ಕಡೆಗಿದೆ?

ಮಧ್ಯಪ್ರದೇಶದ ಪನ್ನಾ ಹುಲಿ ಮೀಸಲು ಕಾಡಿನಲ್ಲಿ ನನಗೆ ಹುಲಿ ಕಾಣಿಸಲಿಲ್ಲ. 2025ರ ಜನವರಿಯ ಚಳಿಯಲ್ಲಿ ಬೆಳಗ್ಗೆಯೆಲ್ಲ ಜೀಪಿನಲ್ಲಿ ಸುತ್ತಿದ್ದಕ್ಕೆ ಸಿಕ್ಕಿದ್ದು ಧೂಳಿನಲ್ಲಿ ಮೂಡಿದ್ದ ಹೆಜ್ಜೆಗುರುತು ಮಾತ್ರ. ಆದರೂ ಅದನ್ನು ನೋಡಿ ಗಂಟಲು ಕಟ್ಟಿತು. 2009ರ ಹೊತ್ತಿಗೆ ಈ ಕಾಡಿನ ಹುಲಿಗಳೆಲ್ಲ ಮುಗಿದುಹೋಗಿದ್ದವು. ಈಗ 50ಕ್ಕೂ ಜಾಸ್ತಿ ಇವೆ.

ಮಧ್ಯಾಹ್ನ ರನೇಹ್ ಜಲಪಾತಕ್ಕೆ ಹೋದೆವು. ಮಳೆಗಾಲ ಕಳೆದರೆ ಅಲ್ಲಿ ನೀರಿಗಿಂತ ಬಂಡೆಯದ್ದೇ ಕಾರುಬಾರು. ಕೆನ್ ನದಿ ಕೊರೆದ ಕಮರಿ ಅದು, ಸುಮಾರು 5 ಕಿ.ಮೀ. ಉದ್ದ, 30 ಮೀಟರ್ ಆಳ. ಗುಲಾಬಿ, ಕೆಂಪು, ಬೂದು ಬಣ್ಣದ ಗ್ರಾನೈಟ್ ಗೋಡೆಗಳು, ನಡುನಡುವೆ ಕಪ್ಪು ಪಟ್ಟಿ, ತಳದಲ್ಲಿ ಅಲ್ಲಾಡದೆ ನಿಂತ ಹಸಿರು ನೀರು. ನಾವು ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕಂಬಿಗೆ ಒರಗಿಕೊಂಡು ಗೈಡ್ ಟಿ-3 ಎಂಬ ಗಂಡು ಹುಲಿಯ ಕಥೆ ಹೇಳಿದರು. 2009ರ ಮಾರ್ಚ್‌ನಲ್ಲಿ ಬಾಂಧವಗಢ ಮತ್ತು ಕಾನ್ಹಾ ಕಾಡುಗಳಿಂದ ಎರಡು ಹೆಣ್ಣು ಹುಲಿ ಇಲ್ಲಿಗೆ ತಂದರು, ನವೆಂಬರ್‌ನಲ್ಲಿ ಪೆಂಚ್ ಕಾಡಿನಿಂದ ಈ ಗಂಡು. ಬಿಟ್ಟ ಕೆಲವೇ ದಿನಕ್ಕೆ ಅದು ಕಾಡು ದಾಟಿ ದಕ್ಷಿಣಕ್ಕೆ ಹೊರಟೇಬಿಟ್ಟಿತು, ತಾನು ಹುಟ್ಟಿದ ಪೆಂಚ್‌ನ ದಿಕ್ಕಿಗೆ. ಸುತ್ತಿ ಬಳಸಿ 400 ಕಿ.ಮೀ.ಗೂ ಜಾಸ್ತಿ ನಡೆಯಿತಂತೆ. ಕೊರಳಿನ ರೇಡಿಯೋ ಕಾಲರ್‌ನ ಸದ್ದು ಹಿಡಿದು, ಹಗಲು ರಾತ್ರಿ ಅನ್ನದೆ, ಸಿಬ್ಬಂದಿ ಹಿಂದೆಯೇ ಹೋದರು. ಡಿಸೆಂಬರ್‌ನಲ್ಲಿ ಅರಿವಳಿಕೆ ಕೊಟ್ಟು ವಾಪಸ್ ತಂದು ಬಿಟ್ಟಾಗ, ಈ ಸಲ ಹೆಣ್ಣು ಹುಲಿಯ ಮೂತ್ರವನ್ನು ಕಾಡಿನಲ್ಲಿ ಚಿಮುಕಿಸಿದರು. ವಾಸನೆ ಹಿಡಿದು ಅದು ಅಲ್ಲೇ ನಿಂತಿತು. 2010ರ ಏಪ್ರಿಲ್‌ನಲ್ಲಿ ಆ ಎರಡು ಹೆಣ್ಣು ಹುಲಿಗಳಲ್ಲೊಂದಾದ ಟಿ-1 ಮರಿ ಹಾಕಿತು.

ಸ್ಥಳಾಂತರ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ, ಅಲ್ವಾ? ಬೋನಿನಲ್ಲಿಟ್ಟು ಲಾರಿಯಲ್ಲಿ ತಂದರೂ ಅದರ ತಲೆಯೊಳಗಿನ ದಾರಿ ಅಳಿಸುವುದಿಲ್ಲ. ಆ ಹುಲಿ ನಡೆದಷ್ಟೂ ದಿನ ಹಿಂದೆ ನಡೆದವರ ಬಗ್ಗೆ ನನಗೆ ತುಂಬಾ ಗೌರವ.

ಅದಕ್ಕೇ ಮುಂದಿನ ಮಾತು ಕೇಳಿ ಹೊಟ್ಟೆ ಕಿವುಚಿತು. ಇದೇ ನದಿಯ ಮೇಲ್ಗಡೆ, ಹುಲಿ ಮೀಸಲು ಕಾಡಿನೊಳಗೆ, ದೌಧನ್ ಅಣೆಕಟ್ಟು ಬರಲಿದೆ. ಕೆನ್-ಬೆತ್ವಾ ನದಿ ಜೋಡಣೆಗೆ ಹಿಂದಿನ ತಿಂಗಳಷ್ಟೇ ಶಂಕುಸ್ಥಾಪನೆ ಆಗಿತ್ತು. ಈ ಬುಂದೇಲ್‌ಖಂಡ ಪ್ರದೇಶಕ್ಕೆ ನೀರು ಬೇಕು, ಅದು ನಿಜ. ಆದರೆ ಮುಳುಗುವುದರಲ್ಲಿ ಹುಲಿಗಳ ನೆಲವೂ ಇದೆ, ಊರುಗಳೂ ಇವೆ. ಕಮರಿಯ ಕೆಳಗಿನ ಘರಿಯಲ್ ಮೊಸಳೆಗಳು ನಂಬಿಕೊಂಡಿರುವುದೂ ಈ ಹರಿವನ್ನೇ.

ಹೊರಡುವ ಮುಂಚೆ, ಪೆಂಚ್ ಯಾವ ಕಡೆಗಿದೆ ಎಂದು ಸುಮ್ನೆ ಕೇಳಿದೆ. ಗೈಡ್ ಕಮರಿಯುದ್ದಕ್ಕೂ ಕೈ ಚಾಚಿ ತೋರಿಸಿದರು, ನದಿ ಹರಿದು ಬರುವ ಕಡೆಗೆ.