ಬಹುದು, ಬಾರದು

ಉತ್ತರ ಕನ್ನಡ ಕರಾವಳಿಯ ಒಂದು ಬಾನುಲಿ ಕೇಂದ್ರದಲ್ಲಿ ನಾನು ಕ್ಯಾಶುವಲ್ ಅನೌನ್ಸರ್. ತಿಂಗಳಿಗೆ ಆರು ಡ್ಯೂಟಿ. ಉಳಿದ ದಿನ ಮನೆಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಧ್ವನಿ ಪರೀಕ್ಷೆ ಪಾಸಾಗಿ, ಅನೌನ್ಸರ್‌ಗಳಿಗೆ ಕೊಡುವ ವಾಣಿ ತರಬೇತಿ ಮುಗಿಸಿ, ಮೊದಲ ಸಲ ಮೈಕಿನ ದನಿ ತೆರೆಯುವ ಫೇಡರ್ ಮೇಲೆತ್ತಿದಾಗ ಕೈ ನಡುಗಿದ್ದು ಇನ್ನೂ ನೆನಪಿದೆ. ಆದರೆ ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ ಸ್ಟುಡಿಯೋದೊಳಗೆ ಸಿಕ್ಕಿದ್ದಲ್ಲ. ಕಾರವಾರದ ಬೈತಖೋಲ್ ಬಂದರಿನಲ್ಲಿ, ಬಲೆ ಹೊಲಿಯುತ್ತ ಕೂತಿದ್ದ ಒಬ್ಬ ಅಜ್ಜನಿಂದ ಸಿಕ್ಕಿದ್ದು.

ಅದು ಜೂನ್ ತಿಂಗಳು. ನಮ್ಮ ಕಡೆ ಜೂನ್ 1ರಿಂದ 61 ದಿನ ದೊಡ್ಡ ಯಾಂತ್ರಿಕ ದೋಣಿಗಳು ಕಡಲಿಗೆ ಹೋಗುವಂತಿಲ್ಲ. ಹೋಗುವುದು ನಾಡದೋಣಿಗಳು ಮಾತ್ರ. ಹಾಗಾಗಿ ಮಳೆಗಾಲದ ಅಲೆ ಎಚ್ಚರಿಕೆ ಮುಟ್ಟಬೇಕಾದದ್ದು ಅತಿ ಚಿಕ್ಕ ದೋಣಿ ಇರುವವರಿಗೆ. ಬೆಳಗಿನ ಡ್ಯೂಟಿಯಲ್ಲಿದ್ದಾಗ ಎಚ್ಚರಿಕೆಯ ಕಾಗದ ಬಂತು. ಓದಿದೆ. ಹೀಗಿತ್ತು: 'ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ ಇಂದು ರಾತ್ರಿ 11.30ರವರೆಗೆ 3ರಿಂದ 3.5 ಮೀಟರ್ ಎತ್ತರದ ಅಲೆಗಳು ಏಳುವ ಸಾಧ್ಯತೆ ಇರುವುದರಿಂದ ಮೀನುಗಾರರು ಸಮುದ್ರಕ್ಕೆ ಇಳಿಯಬಾರದು.'

ಒಂದು ಅಕ್ಷರ ತಪ್ಪಲಿಲ್ಲ. ಉಸಿರು ಎಲ್ಲೂ ಕಟ್ಟಲಿಲ್ಲ. ಚೆನ್ನಾಗಿ ಓದಿದೆ ಅಂತ ಖುಷಿಯಿಂದಲೇ ಮನೆಗೆ ಬಂದೆ.

ಹತ್ತು ದಿನದ ಮೇಲೆ ಮೀನುಗಾರರ ಕಾರ್ಯಕ್ರಮಕ್ಕೆ ಧ್ವನಿಮುದ್ರಣ ಮಾಡಲು ಬೈತಖೋಲಿಗೆ ಹೋಗಿದ್ದೆ. ನನ್ನ ದನಿ ಕೇಳಿದ್ದೇ ಆ ಅಜ್ಜ ತಲೆ ಎತ್ತಿದರು.

"ತಂಗಿ, ಆವತ್ತು ಅಲೆ ಸುದ್ದಿ ಓದಿದ್ದು ನೀನೇ ಅಲ್ವಾ?"

"ಹೌದು ಅಜ್ಜ."

"ನೀ ಹೇಳೂದೆಲ್ಲ ಕೇಳ್ತದೆ. ಕೊನೆದೊಂದೇ ಕೇಳೂದಿಲ್ಲ. ಇಳಿಯಬ... ಅಂದೆ. ಬಹುದೋ? ಬಾರದೋ?"

ಅವರ ಟ್ರಾನ್ಸಿಸ್ಟರ್ ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ ಚಪ್ಪರಕ್ಕೆ ತೂಗಿಹಾಕಿದ್ದು. ಮೇಲೆ ತಾಡಪತ್ರಿ, ಅದರ ಮೇಲೆ ಜೂನ್ ಮಳೆ. ಅಲೆಯ ಎತ್ತರ ಕೇಳಿಸಿತ್ತು, ಊರಿನ ಹೆಸರೂ ಕೇಳಿಸಿತ್ತು. ಮಾಡಬೇಕಾದ್ದೇನು ಅನ್ನೋದು ಮಾತ್ರ ಮಳೆಯಲ್ಲಿ ಹೋಗಿತ್ತು. ಮಕ್ಕಳಿಬ್ಬರು ದೋಣಿ ನೂಕಿದ್ದರು. ಅಳಿವೆಯ ಬಾಯಿಗೆ ಹೋದಾಗ ಅಲೆ ಗೋಡೆಯ ಹಾಗೆ ನಿಂತದ್ದು ಕಂಡು ತಿರುಗಿ ಬಂದರಂತೆ. ಯಾರಿಗೂ ಏನೂ ಆಗಲಿಲ್ಲ. ಬಲೆ ಒಂದಿಷ್ಟು ಹರಿದಿತ್ತು. ಅದನ್ನೇ ಅವರು ಆಗ ಹೊಲಿಯುತ್ತಿದ್ದರು.

ಅಜ್ಜನ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ನನಗೆ ಜಾಸ್ತಿ ನೋವಾಯಿತು.

ಮಾರನೇ ದಿನ ಕೇಂದ್ರಕ್ಕೆ ಹೋಗಿ ಆ ಸಾಲನ್ನೇ ಓದಿ ಮುದ್ರಿಸಿ ಕೇಳಿದೆ. ವಾಕ್ಯ ಮುಗಿಯುವಾಗ ನನ್ನ ದನಿ ಇಳಿಯುತ್ತದೆ. ಎಲ್ಲರದ್ದೂ ಇಳಿಯುತ್ತದೆ, ಅದು ಓದುವ ರೂಢಿ. ಆದರೆ ಕನ್ನಡದಲ್ಲಿ ಬೇಕು, ಬೇಡ, ಹೌದು, ಅಲ್ಲ ಎಲ್ಲ ಬರುವುದು ವಾಕ್ಯದ ತುದಿಯಲ್ಲೇ. ಅದರಲ್ಲೂ 'ಬಹುದು', 'ಬಾರದು' ಎರಡೂ ಬ-ಯಿಂದ ಶುರುವಾಗಿ ದು-ವಿನಲ್ಲಿ ಮುಗಿಯುತ್ತವೆ. ನಡುವೆ ಗಾಳಿ ಬಂದರೆ ಎರಡಕ್ಕೂ ವ್ಯತ್ಯಾಸವೇ ಇಲ್ಲ. ಜೀವ ಉಳಿಸಬೇಕಾದ ಒಂದೇ ಒಂದು ಪದವನ್ನು ನಾನು ದನಿ ಅತಿ ಸಣ್ಣಗಾಗುವ ಜಾಗದಲ್ಲಿ ಇಟ್ಟಿದ್ದೆ.

ಡ್ಯೂಟಿ ಆಫೀಸರ್‌ಗೆ ಹೇಳಿದೆ. "ಸರ್, ವಾಕ್ಯ ತಿರುಗಿಸಿ ಓದಬಹುದಾ?"

ಇದು ಸಣ್ಣ ಪ್ರಶ್ನೆಯಲ್ಲ. ಬಾನುಲಿಯಲ್ಲಿ ಯಾವ ಮಾತು ಯಾರದ್ದು ಎಂಬುದಕ್ಕೆ ಕಟ್ಟುನಿಟ್ಟಿನ ವ್ಯವಸ್ಥೆ ಇದೆ. ಕಾರ್ಯಕ್ರಮ ವಿಭಾಗ ಬೇರೆ, ಎಂಜಿನಿಯರಿಂಗ್ ಬೇರೆ, ಸುದ್ದಿ ಬೇರೆ, ಆಡಳಿತ ಬೇರೆ. ದಿಲ್ಲಿಯ ಸುದ್ದಿಯನ್ನು ಕೇಂದ್ರಗಳು ಮರುಪ್ರಸಾರ ಮಾಡುತ್ತವೆ, ಮುಟ್ಟುವಂತಿಲ್ಲ. ಹವಾಮಾನದ ಮಾತು ಹವಾಮಾನದವರದ್ದು. ಅನೌನ್ಸರ್ ಕೈಯಲ್ಲಿ ಇರುವುದು ಯಾವ ಹೊತ್ತಿಗೆ ಏನು ಎಂದು ಬರೆದ ಕ್ಯೂಶೀಟ್ ಮಾತ್ರ. ನನ್ನಂಥವಳು ಸುಮ್ನೆ ಪದ ಬದಲಿಸಿದರೆ ನಾಳೆ ಇನ್ನೊಬ್ಬರು ಅಂಕಿ ಬದಲಿಸುತ್ತಾರೆ. ಈ ಕಟ್ಟು ಸರಿಯೇ ಅಂತ ನಾನು ಈಗಲೂ ನಂಬುತ್ತೇನೆ.

ಸರ್ ಕೂಡಲೇ ಉತ್ತರ ಕೊಡಲಿಲ್ಲ. ಟೀ ತರಿಸಿ ಹಳೆಯ ಕಥೆ ಶುರು ಮಾಡಿದರು. ಮುಂದೆ ನಾನೂ ಓದಿಕೊಂಡೆ.

ನಮ್ಮ ದೇಶದಲ್ಲಿ ಕ್ರಮಬದ್ಧ ಪ್ರಸಾರ ಶುರು ಮಾಡಿದ್ದು ಒಂದು ಖಾಸಗಿ ಕಂಪನಿ. 1927ರ ಜುಲೈನಲ್ಲಿ ಮುಂಬಯಿ, ಆಗಸ್ಟ್‌ನಲ್ಲಿ ಕಲ್ಕತ್ತಾ. ರೇಡಿಯೋ ಇದ್ದವರು ಕಟ್ಟುವ ಲೈಸೆನ್ಸ್ ಹಣವೇ ಮುಖ್ಯ ಆದಾಯ. ರೇಡಿಯೋ ಇದ್ದವರೇ ಕಡಿಮೆ. ಮೂರು ವರ್ಷ ತುಂಬುವ ಮೊದಲೇ ಕಂಪನಿ ಮುಚ್ಚಿತು, 1930ರಲ್ಲಿ ಸರ್ಕಾರ ವಹಿಸಿಕೊಂಡಿತು. 1936ರಲ್ಲಿ ಅದಕ್ಕೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಂತು. ಅದಕ್ಕೂ ಮೊದಲು, 1935ರಲ್ಲಿ, ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿದ್ದರು. ಅದರ ಹೆಸರೇ ಆಕಾಶವಾಣಿ. ಐವತ್ತರ ದಶಕದಲ್ಲಿ ಇಡೀ ದೇಶದ ಬಾನುಲಿ ಅದೇ ಹೆಸರನ್ನು ತೆಗೆದುಕೊಂಡಿತು. ಇದನ್ನು ಹೇಳುವಾಗ ಸರ್ ದನಿಯಲ್ಲಿ ಹೆಮ್ಮೆ ಇತ್ತು. ನನಗೂ ಆ ಹೆಮ್ಮೆ ಇದೆ.

ಸ್ವಾತಂತ್ರ್ಯ ಬಂದಾಗ ಆಲ್ ಇಂಡಿಯಾ ರೇಡಿಯೋಗೆ ಉಳಿದದ್ದು 6 ಕೇಂದ್ರ. ಪ್ರಸಾರ ತಲುಪುತ್ತಿದ್ದದ್ದು ದೇಶದ ನೂರಕ್ಕೆ 11 ಜನರಿಗೆ. ನಮ್ಮ ಕಡೆಯವರು ಹೆಚ್ಚಾಗಿ ಕೇಳಿದ ಧಾರವಾಡ ಕೇಂದ್ರ ಬಂದದ್ದು 1950ರಲ್ಲಿ. ಮೀಡಿಯಂ ವೇವ್ ಆದ್ದರಿಂದ ಅದು ಘಟ್ಟ ದಾಟಿಯೂ ಬರುತ್ತಿತ್ತು. ಎಫ್‌ಎಂ ಹಾಗಲ್ಲ, ಅದು ನೇರಕ್ಕೆ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಮುಗಿಯಿತು. ಶಿರಸಿ ಬಸ್ಸು ದೇವಿಮನೆ ಘಟ್ಟದ ತಿರುವಿಗೆ ಬಂದಾಗ ದನಿ ಒಡೆಯುವುದು ಇದಕ್ಕೇ.

ಸರ್ ಹೇಳಿದ್ದರಲ್ಲಿ ನನಗೆ ನಾಟಿದ್ದು ಎರಡು ಸಂಗತಿ. ಒಂದು, ಬಿ.ವಿ. ಕೇಸ್ಕರ್ ಅವರು ವಾರ್ತಾ ಮಂತ್ರಿಯಾಗಿದ್ದಾಗಿನದು. ಜನರ ಅಭಿರುಚಿ ತಿದ್ದಬೇಕು ಅಂತ ಅವರ ಕಾಲದಲ್ಲಿ ಸಿನಿಮಾ ಹಾಡುಗಳು ಬಾನುಲಿಯಿಂದ ಹೋದವು. ಜನ ಜಗಳ ಮಾಡಲಿಲ್ಲ. ರೇಡಿಯೋದ ಗುಂಡಿ ತಿರುಗಿಸಿ ಶ್ರೀಲಂಕಾದ ರೇಡಿಯೋ ಸಿಲೋನ್ ಕೇಳಿದರು. ಕೊನೆಗೆ 1957ರಲ್ಲಿ ಸಿನಿಮಾ ಹಾಡು ಹಾಕುವ ವಿವಿಧ ಭಾರತಿ ಬಂತು. ಇನ್ನೊಂದು ಅದಕ್ಕೂ ಮುಂಚಿನ ವರ್ಷದ್ದು. 1956ರಲ್ಲಿ ಪುಣೆ ಕೇಂದ್ರ ಸುಮಾರು 150 ಹಳ್ಳಿಗಳಲ್ಲಿ ರೈತರ ಕೇಳುಗ ಗುಂಪುಗಳನ್ನು ಕಟ್ಟಿತು. ರೈತರು ಕೂತು ಕೇಳುವುದು, ಕೇಳಿದ್ದನ್ನು ಚರ್ಚಿಸುವುದು, ಪ್ರಶ್ನೆಗಳನ್ನು ಕೇಂದ್ರಕ್ಕೆ ಕಳಿಸುವುದು. ಉತ್ತರ ಮತ್ತೆ ರೇಡಿಯೋದಲ್ಲೇ.

"ಒಂದರಲ್ಲಿ ಕೇಳುವವರ ಮಾತು ನಮಗೆ ಮುಟ್ಟಲಿಲ್ಲ, ಇನ್ನೊಂದರಲ್ಲಿ ಮುಟ್ಟಿತು. ನಿಮ್ಮ ಅಜ್ಜ ಬಂದರಿನಲ್ಲಿ ಕೂತೇ ಕಳಿಸಿದ್ದಾರೆ ನೋಡಿ," ಅಂದರು ಸರ್.

1997ರಿಂದ ನಮ್ಮ ಮೇಲೆ ಪ್ರಸಾರ ಭಾರತಿ ಇದೆ. ಸಂಸತ್ತು 1990ರಲ್ಲೇ ಮಾಡಿದ ಕಾಯ್ದೆಯಿಂದ ಬಂದ ಸ್ವಾಯತ್ತ ನಿಗಮ ಅದು. ಆದರೆ ಹಣ ಹೆಚ್ಚಾಗಿ ಸರ್ಕಾರದಿಂದಲೇ ಬರಬೇಕು. ಸ್ವಾಯತ್ತತೆ ಎಷ್ಟಿದೆ ಎಂಬ ಚರ್ಚೆ ದೊಡ್ಡವರದ್ದು. ನನ್ನ ಅನುಭವಕ್ಕೆ ಬಂದದ್ದು ಇಷ್ಟೇ: ಬಂದರಿನ ಅಜ್ಜನ ಮಾತು ಮೈಕಿನ ತನಕ ಬರಲು ಯಾವ ಕಾಯ್ದೆಯೂ ಅಡ್ಡ ಬರಲಿಲ್ಲ. ಯಾರಾದರೂ ಅದನ್ನು ಹೊತ್ತು ತರಬೇಕಿತ್ತು.

ಸರ್ ಮೇಲಿನವರನ್ನು ಕೇಳಿದರು. ಎರಡು ದಿನ ಹಿಡಿಯಿತು. ಅಂಕಿ, ಊರು, ಸಮಯ ಯಾವುದನ್ನೂ ಬದಲಿಸುವಂತಿಲ್ಲ. ಮಾತಿನ ಕ್ರಮ ಬದಲಿಸಬಹುದು. ಎರಡು ಸಲ ಓದಬಹುದು. ಅಷ್ಟು ಸಾಕಿತ್ತು.

ಆ ರಾತ್ರಿ ಮನೆಯಲ್ಲಿ ಫ್ಯಾನು ಜೋರಾಗಿ ಹಾಕಿ, ಬಚ್ಚಲಿನ ನಲ್ಲಿ ಬಿಟ್ಟು, ಅಮ್ಮನನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ ಓದಿದೆ. ಯಾವುದು ಕೇಳಿತು, ಯಾವುದು ಕೇಳಲಿಲ್ಲ ಅಂತ ಅಮ್ಮ ಹೇಳುತ್ತ ಹೋದರು. 'ಎಚ್ಚರಿಕೆ' ಕೇಳಿತು. 'ಸಾಧ್ಯತೆ ಇರುವುದರಿಂದ' ಪೂರಾ ಹೋಯಿತು. 'ಇಳಿಯಬೇಡಿ' ಪ್ರತಿ ಸಲವೂ ಕೇಳಿತು. ಆ ಬೇ-ಕಾರಕ್ಕೆ ಮಳೆ ಸೀಳುವ ಶಕ್ತಿ ಇದೆ.

ಜುಲೈನಲ್ಲಿ ಮತ್ತೆ ಎಚ್ಚರಿಕೆ ಬಂತು. ಕೆಂಪು ದೀಪ ಹತ್ತಿತು. "ಮೀನುಗಾರರೇ, ಕಡಲಿಗೆ ಇಳಿಯಬೇಡಿ. ಇಂದು ರಾತ್ರಿ ಹನ್ನೊಂದೂವರೆ ತನಕ ಇಳಿಯಬೇಡಿ." ಆಮೇಲೆ ಊರು, ಆಮೇಲೆ ಅಲೆಯ ಎತ್ತರ. ಕೊನೆಗೆ ಮತ್ತೊಮ್ಮೆ, ದನಿ ಇಳಿಸದೆ, "ಇಳಿಯಬೇಡಿ."

ಡ್ಯೂಟಿ ಮುಗಿಸಿ ಲಾಗ್‌ಬುಕ್ ತೆಗೆದೆ. ಒಂದು ಕ್ಷಣ ಮೌನವಾದರೂ, ಹಾಡು ತಪ್ಪಿದರೂ ಅದರಲ್ಲಿ ಬರೆಯಬೇಕು. ಜೂನ್ ತಿಂಗಳ ಆ ದಿನದ ಪುಟ ತಿರುವಿ ನೋಡಿದೆ. 'ಪ್ರಸಾರ ಸರಿಯಾಗಿತ್ತು' ಅಂತ ನನ್ನದೇ ಅಕ್ಷರ. ಅದನ್ನು ತಿದ್ದುವ ಹಾಗಿಲ್ಲ. ಹೊಸ ಪುಟದಲ್ಲಿ ಸಮಯ ಬರೆದು, 'ಅಲೆ ಎಚ್ಚರಿಕೆ, ಎರಡು ಸಲ, ಕ್ರಮ ಬದಲಿಸಿ' ಅಂತ ಸೇರಿಸಿದೆ. ಸರ್ ಓದಿ, ಕೆಳಗೆ ಸಹಿ ಹಾಕಿದರು.