ಮಕ್ಕಳ ಪ್ರಿಂಟೆಡ್ ಕೈ: ಭಾಗಗಳು ಸಿದ್ಧ, ದಾರದ ಬಿಗಿ ಬಾಕಿ

ಕೃತಕ ಕೈಗಳನ್ನು 3ಡಿ ಪ್ರಿಂಟರ್‌ನಲ್ಲಿ ಮಾಡಿಕೊಡುವ ಇ-ನೇಬಲ್ ಸ್ವಯಂಸೇವಕರ ಮುಕ್ತ ವಿನ್ಯಾಸವಾದ ಫೀನಿಕ್ಸ್ ಕೈಯ ಮಾದರಿ ಇದು. ಎಡಗೈ, ಮೂಲ ವಿನ್ಯಾಸದ 115% ಅಳತೆ, ಪಿಎಲ್‌ಎ ಎಂಬ ಪ್ಲಾಸ್ಟಿಕ್. ಅಂಗೈ, ಬೆರಳು ಪ್ರಿಂಟ್ ಆಗಿವೆ.

1980ರ ದಶಕದಲ್ಲಿ ಅಫ್ಘಾನಿಸ್ತಾನದಲ್ಲಿ ಸೋವಿಯತ್ ಸೇನೆ ಚೆಲ್ಲಿದ ಪಿಎಫ್‌ಎಂ-1 ನೆಲಬಾಂಬನ್ನು ಆಟಿಕೆಯೆಂದು ಎತ್ತಿಕೊಂಡ ಮಕ್ಕಳು ಬೆರಳು, ಕೈ ಕಳೆದುಕೊಂಡರು. ಅಂಥ ಗಾಯಗಳಲ್ಲಿ ಮಣಿಕಟ್ಟು ಉಳಿದು ಸುಮಾರು 30 ಡಿಗ್ರಿಯಾದರೂ ಬಾಗಿದರೆ ಮಾತ್ರ ಈ ಕೈ ಉಪಯೋಗಕ್ಕೆ ಬರುತ್ತದೆ. ಮಣಿಕಟ್ಟು ಬಾಗಿದರೆ ದಾರ ಬೆರಳನ್ನು ಮಡಿಸುತ್ತದೆ, ಎಲಾಸ್ಟಿಕ್ ಮತ್ತೆ ಬಿಡಿಸುತ್ತದೆ. ಮಣಿಕಟ್ಟೇ ಇಲ್ಲದಿದ್ದರೆ ಮೊಣಕೈಯಿಂದ ನಡೆಯುವ ವಿನ್ಯಾಸ ಬೇಕು.

ಅಳತೆಯ ಫೋಟೊವನ್ನು ಸೆಂಟಿಮೀಟರ್ ಚೌಕಳಿ ಹಾಳೆಯ ಮೇಲೆ ಕೈಯಿಟ್ಟು, ನೇರ ಮೇಲಿನಿಂದ ತೆಗೆಯಬೇಕು. ಓರೆಯಾದರೆ ಅಗಲವೇ ತಪ್ಪುತ್ತದೆ. ಗಾತ್ರ ಹಿಗ್ಗಿಸಿದಾಗ ತೂತುಗಳೂ ಹಿಗ್ಗುತ್ತವೆ: 3 ಮಿ.ಮೀ. ತೂತು 3.45 ಆಗಿ ಸ್ಕ್ರೂ ಹಲ್ಲು ಹಿಡಿಯುವುದಿಲ್ಲ. ಕುಗ್ಗಿಸಿದರೆ ಕೀಲಿನ ಸಂದು ಮುಚ್ಚಿ ಬೆರಳು ಗಟ್ಟಿಯಾಗಿ ಅಂಟುತ್ತದೆ. ಆದ್ದರಿಂದ ಸ್ಕ್ರೂ ತೂತುಗಳನ್ನು ಫೈಲಿನಲ್ಲೇ ಮೂಲ ಅಳತೆಗೆ ತಂದೆವು. ಬೆರಳುಗಳನ್ನು ನಿಲ್ಲಿಸಿ ಪ್ರಿಂಟ್ ಮಾಡಬಾರದು, ಪದರಗಳ ನಡುವೆ ಪಟ್ಟನೆ ಮುರಿಯುತ್ತವೆ.

ಮುಂಗೈ ಪಟ್ಟಿಯನ್ನು ಚಪ್ಪಟೆಯಾಗಿ ಪ್ರಿಂಟ್ ಮಾಡಿ, ಸುಮಾರು 70 ಡಿಗ್ರಿ ನೀರಿನಲ್ಲಿ ಅದ್ದಿ ಅಚ್ಚಿನ ಮೇಲೆ ಬಾಗಿಸಿದೆವು. ಮಗುವಿನ ಕೈಮೇಲೇ ಬಾಗಿಸುವ ಯೋಚನೆಯೂ ಬೇಡ. ಪಿಎಲ್‌ಎ 60 ಡಿಗ್ರಿ ಆಸುಪಾಸಿನಲ್ಲೇ ಮೆದುವಾಗುವುದರಿಂದ ಬಾಗಿಸುವುದು ಸುಲಭ; ಅದೇ ಕಾರಣಕ್ಕೆ ಬಿಸಿಲಲ್ಲಿ ಮುಚ್ಚಿಟ್ಟ ಗಾಡಿಯೊಳಗೆ ಕೈ ಸೊಟ್ಟಗಾಗುತ್ತದೆ.

ಬೆರಳ ತುದಿಗೆ ನೋಟು ಎಣಿಸುವವರು ಹಾಕಿಕೊಳ್ಳುವ ರಬ್ಬರ್ ಟೋಪಿ ಸಾಕು. ಅದಿಲ್ಲದೆ ಲೋಟ ಜಾರುತ್ತದೆ. ದಾರಕ್ಕೆ ಹಿಗ್ಗದ ಹೆಣೆದ ಮೀನುಗಾಳದ ದಾರವೇ ಆಗಬೇಕು. ಐದೂ ಬೆರಳು ಒಟ್ಟಿಗೆ ಮುಚ್ಚುವಂತೆ ಒಂದೊಂದನ್ನೇ ಬಿಗಿಯಬೇಕು. ಒಂದು ಬೆರಳು ಮೊದಲೇ ಮುಚ್ಚಿಕೊಂಡರೆ ಉಳಿದವು ಅರ್ಧಕ್ಕೇ ನಿಲ್ಲುತ್ತವೆ. ಎಲಾಸ್ಟಿಕ್ ಅತಿಬಿಗಿಯಾದರೆ ಮಗು ಬೇಗ ಸೋತು ಕೈಯನ್ನು ಮೂಲೆಗಿಡುತ್ತದೆ.

ಸ್ಫೋಟದ ಗಾಯದಲ್ಲಿ ಚೂರುಗಳು ಚರ್ಮದಡಿ ಉಳಿದಿರಬಹುದು, ಬೆಳೆಯುವ ಮಗುವಿನ ಮೂಳೆ ಚರ್ಮವನ್ನು ಚುಚ್ಚಿಕೊಂಡು ಬರಬಹುದು. ಹಾಗಾಗಿ ಕೃತಕ ಅಂಗ ಜೋಡಿಸುವ ತಜ್ಞರು ನೋಡದೆ ಕೈ ಕೊಡುವುದಕ್ಕೆ ನಮ್ಮ ಒಪ್ಪಿಗೆಯಿಲ್ಲ, ಪ್ರಿಂಟರ್ ಎಷ್ಟೇ ಚೆನ್ನಾಗಿರಲಿ. ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ ಕಾಬೂಲ್‌ನಲ್ಲಿ 1988ರಿಂದ ಕೃತಕ ಅಂಗ ಜೋಡಿಸುವ ಕೇಂದ್ರ ನಡೆಸುತ್ತಿದೆ. ಮಗುವಿಗೆ ಕೈಯನ್ನು ಮೊದಲು 20 ನಿಮಿಷ ಹಾಕಿ, ತೆಗೆದು ಚರ್ಮ ನೋಡಬೇಕು. ಕೆಂಪು ಗುರುತು 10 ನಿಮಿಷದಲ್ಲಿ ಮಾಯವಾಗದಿದ್ದರೆ ಅಲ್ಲಿ ಒತ್ತುತ್ತಿದೆ ಎಂದರ್ಥ. ಒಳಗಿನ ಫೋಮ್ ಕತ್ತರಿಸಿ ಸರಿಪಡಿಸಬೇಕು.

ಮುಂದೆ ದಾರ ಬಿಗಿಯುವುದು, ಆಮೇಲೆ ಇದೇ ಅಂಗೈಯ 120% ಮತ್ತು 125% ಪ್ರತಿಗಳು. ಮಗು ಬೆಳೆದಂತೆ ಕೈ ಬದಲಾಗಬೇಕಲ್ಲ.